128 ಜಿಬಿ ಕಾರ್ಡ್: ಹಳೇ ಫೋಟೋ ತೆರೆಯುತ್ತಿತ್ತು, ಹೊಸದು ಬರೀ ಬೂದು, ಈಗ ಫಾರ್ಮ್ಯಾಟ್ ಮಾಡು ಅನ್ನುತ್ತಿದೆ

ತೋಟದಮನೆ (ತೀರ್ಥಹಳ್ಳಿ ಕಡೆ):

ನಮಸ್ಕಾರ. ಫೋನಿನ ಮೆಮೊರಿ ಕಾರ್ಡ್ ಮೊನ್ನೆಯಿಂದ ಓದುತ್ತಿಲ್ಲ. ಕಾರ್ಡ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಿ ಅಂತ ಬರುತ್ತದೆ. ಅದಕ್ಕೂ ಮುಂಚೆಯೇ ಒಂದು ವಿಚಿತ್ರ ಶುರುವಾಗಿತ್ತು. ಗ್ಯಾಲರಿಯಲ್ಲಿ ಫೋಟೋ ಚಿಕ್ಕದಾಗಿ ಸರಿಯಾಗೇ ಕಾಣುತ್ತಿತ್ತು, ಮುಟ್ಟಿದರೆ ಬೂದು ಬಣ್ಣ. ಇತ್ತೀಚಿನವು ಮಾತ್ರ ಹಾಗೆ. ಹಳೇವೆಲ್ಲ ಚೆನ್ನಾಗಿ ತೆರೆಯುತ್ತಿದ್ದವು.

ಅದರಲ್ಲಿರುವುದು ಎಲೆಚುಕ್ಕಿ ರೋಗ ಬಂದ ಅಡಿಕೆ ಮರಗಳ ಫೋಟೋ. ಅದದೇ ಮರ, ಔಷಧಿ ಹೊಡೆಯುವ ಮೊದಲು, ಹೊಡೆದ ಮೇಲೆ, ಮಳೆಗಾಲ ಮುಗಿದ ಮೇಲೆ ಅಂತ ತೆಗೆದಿಟ್ಟಿದ್ದೆ. ಜೊತೆಗೆ ನಮ್ಮೂರ ದೇವಸ್ಥಾನದಲ್ಲಿ ಆದ ತಾಳಮದ್ದಳೆಯ ಆಡಿಯೋ. ಅವತ್ತು ಅರ್ಥ ಹೇಳಿದ ಹಿರಿಯರೊಬ್ಬರು ಈಗಿಲ್ಲ. ಬೇರೆ ಯಾರೂ ರೆಕಾರ್ಡ್ ಮಾಡಿರಲಿಲ್ಲ.

ಕಾರ್ಡ್ ಜಾತ್ರೆಯಲ್ಲಿ ತಗೊಂಡಿದ್ದು. 128 ಜಿಬಿ, 200 ರೂಪಾಯಿ. ಪೇಟೆಯ ಮೊಬೈಲ್ ಅಂಗಡಿಯವರು ಮಳೆಯ ಥಂಡಿ ಹಿಡಿದಿದೆ, ಫಾರ್ಮ್ಯಾಟ್ ಮಾಡಿ ಅಂದರು. ಎಂತ ಮಾಡೋದು ಹೇಳಿ ಮಾರಾಯ್ರೆ.

ಶಿವಮೊಗ್ಗ ಹುಡುಗ:

ಅಣ್ಣಾ, ಫಾರ್ಮ್ಯಾಟ್ ಬೇಡ. ಅಡಾಪ್ಟರ್‌ಗೆ ಹಾಕಿ ಕಂಪ್ಯೂಟರ್‌ಗೆ ಚುಚ್ಚಿ. ವಿಂಡೋಸ್‌ನಲ್ಲಿ ಚೆಕ್‌ಡಿಸ್ಕ್ ಸ್ಲ್ಯಾಶ್ ಎಫ್ (chkdsk /f) ಅನ್ನೋ ರಿಪೇರಿ ಕಮಾಂಡ್ ಕೊಡಿ. ನನ್ನ ಪೆನ್‌ಡ್ರೈವ್ ಹಾಗೇ ಸರಿ ಆಗಿತ್ತು.

ಸಾಗರದ ರಿಪೇರಿಯವ:

ತಮ್ಮಾ, ನಿನ್ನ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಸಿನಿಮಾ ಇರಬೇಕು. ಇವರದ್ದರಲ್ಲಿ ಮತ್ತೆ ಸಿಗದೇ ಇರುವುದು ಇದೆ. ಚೆಕ್‌ಡಿಸ್ಕ್ ಸುಮ್ನೆ ನೋಡಿ ಹೇಳುವುದಿಲ್ಲ, ಕಾರ್ಡ್ ಮೇಲೆ ಬರೆಯುತ್ತದೆ. ತನಗೆ ಅರ್ಥವಾಗದ ತುಂಡುಗಳನ್ನೆಲ್ಲ ಕತ್ತರಿಸಿ ಫೌಂಡ್ ಅನ್ನೋ ಫೋಲ್ಡರಿಗೆ ತುಂಬುತ್ತದೆ. ಅದನ್ನೆಲ್ಲ ಕಾಪಿ ಮೇಲೆ ಮಾಡಿ ನೋಡಿ, ಅಸಲಿನ ಮೇಲೆ ಬೇಡ.

ತೋಟದಮನೆಯವರೇ, ಥಂಡಿಯ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕಾರ್ಡಿನ ಹಳದಿ ಕಾಲುಗಳು ಮಾಸಿ, ಫೋನಿಗೆ ಸಿಗದೇ ಹೋಗುವುದುಂಟು. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ಸರಿಯಾಗುತ್ತದೆ. ಒರೆಸಿ ನೋಡಿ, ನಷ್ಟವಿಲ್ಲ. ಆದರೆ ಥಂಡಿ ಹಳೇ ಫೋಟೋ ಬಿಟ್ಟು ಹೊಸದನ್ನು ಮಾತ್ರ ಹುಡುಕಿ ತಿನ್ನುತ್ತದಾ?

ಹಳೇದು ಸರಿ, ಹೊಸದು ಬೂದು, 128 ಜಿಬಿ, 200 ರೂಪಾಯಿ. ಇಷ್ಟು ಕೇಳಿದ ಕೂಡಲೇ ನನಗೆ ಅನುಮಾನ ಬರುವುದು ಡೂಪ್ಲಿಕೇಟ್ ಕಾರ್ಡ್ ಮೇಲೆ. ಒಳಗಿರುವುದು 8 ಅಥವಾ 16 ಜಿಬಿ ಚಿಪ್. ಅದನ್ನು ನಡೆಸುವ ಕಂಟ್ರೋಲರ್‌ಗೆ 128 ಅಂತ ಸುಳ್ಳು ಹೇಳಲು ಕಲಿಸಿರುತ್ತಾರೆ. ಹತ್ತು ಮೂಟೆ ಹಿಡಿಯುವ ಅಟ್ಟಕ್ಕೆ ನೂರು ಮೂಟೆ ಅಂತ ಬೋರ್ಡ್ ತೂಗುಹಾಕಿದ ಹಾಗೆ. ಫೋನ್ ಪಾಪ ನಂಬುತ್ತದೆ. ನಿಜವಾದ ಜಾಗ ತುಂಬುವವರೆಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಳಿಸಿದ್ದು ಎಲ್ಲೂ ಉಳಿಯುವುದಿಲ್ಲ. ಕೆಲವು ಕಾರ್ಡ್ ಇನ್ನೂ ಕೆಟ್ಟವು. ಸುತ್ತು ಹೊಡೆದು ಮೊದಲಿಂದ ಹಳೇದರ ಮೇಲೇ ಬರೆಯುತ್ತವೆ. ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಇರುವುದು ಕಾರ್ಡಿನ ಶುರುವಿನಲ್ಲಿ. ಅದರ ಮೇಲೆ ಬರೆದರೆ ಅವತ್ತೇ ಫೋನ್ "ಫಾರ್ಮ್ಯಾಟ್ ಮಾಡಿ" ಅನ್ನುತ್ತದೆ.

ಚಿಕ್ಕ ಚಿತ್ರ ಕಾಣುತ್ತಿತ್ತಲ್ಲ, ಅದು ಸಾಮಾನ್ಯವಾಗಿ ಫೋನಿನ ಸ್ವಂತ ಮೆಮೊರಿಯಲ್ಲಿ ಇರುತ್ತದೆ. ಅದನ್ನು ನೋಡಿಯೇ ಎಲ್ಲರೂ ಫೋಟೋ ಇದೆ ಅಂದುಕೊಳ್ಳುವುದು.

ಹಾಗಾಗಿ ಬೂದು ಫೋಟೋಗಳ ಆಸೆ ಬಿಡಿ. ಅವು ಅಳಿಸಿ ಹೋದವಲ್ಲ, ಬರೆದೇ ಇಲ್ಲ. ಯಾರಾದರೂ ದುಡ್ಡು ಕೊಟ್ಟರೆ ತೆಗೆದುಕೊಡುತ್ತೇನೆ ಅಂದರೆ ನಂಬಬೇಡಿ. ಹಳೇವು ಮಾತ್ರ ಜಾಸ್ತಿ ಪಾಲು ಸಿಗಬೇಕು.

ಕಾರ್ಡನ್ನು ಫೋನಿಂದ ತೆಗೆದು ಇಡಿ. 128 ಜಿಬಿಗಿಂತ ಜಾಸ್ತಿ ಜಾಗ ಖಾಲಿ ಇರುವ ಲ್ಯಾಪ್‌ಟಾಪ್ ಹುಡುಕಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅಂತ ಇದೆ, ಇಡೀ ಕಾರ್ಡನ್ನು ಒಂದೇ ಫೈಲಾಗಿ ಇಳಿಸಿಕೊಳ್ಳುತ್ತದೆ. ಓದಲಾಗದ ಜಾಗ ಸಿಕ್ಕರೆ ಬಿಟ್ಟು ಮುಂದೆ ಹೋಗಿ ಕೊನೆಗೆ ಮತ್ತೆ ಪ್ರಯತ್ನಿಸುತ್ತದೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಕರೆಂಟ್ ನಂಬಿ ಡೆಸ್ಕ್‌ಟಾಪಿನಲ್ಲಿ ಕೂರಬೇಡಿ. ಆಮೇಲೆ ಆ ಫೈಲಿನ ಮೇಲೆ ಫೋಟೋರೆಕ್ ಓಡಿಸಿ. ಪುಕ್ಕಟೆ ಸಿಗುತ್ತದೆ. ಪಟ್ಟಿ ಹಾಳಾಗಿದ್ದರೂ ಅದು ಫೈಲಿನ ಗುರುತು ನೋಡಿ ಎತ್ತುತ್ತದೆ. ಹೆಸರು ಮಾತ್ರ ಉಳಿಯುವುದಿಲ್ಲ. ಆದರೆ ಕ್ಯಾಮೆರಾ ಫೋಟೋದ ಒಳಗೇ ತಾರೀಕು ಇರುತ್ತದೆ, ನಿಮ್ಮ ಮರಗಳ ಸಾಲು ಮತ್ತೆ ಜೋಡಿಸಬಹುದು.

ಒಂದು ಕೇಳುವುದು ಬಿಟ್ಟಿತು. ಕಾರ್ಡನ್ನು ಫೋನಿನ ಇಂಟರ್ನಲ್ ಸ್ಟೋರೇಜ್ ಆಗಿ ಸೇರಿಸಿದ್ದಿರಾ? ಹೌದಾದರೆ ಈ ದಾರಿ ನಡೆಯುವುದಿಲ್ಲ. ಎಲ್ಲ ಬೀಗ ಹಾಕಿರುತ್ತದೆ, ಬೀಗದಕೈ ಆ ಫೋನಿನೊಳಗೇ. ಆಗ ಫೋನ್ ರೀಸೆಟ್ ಮಾಡಲೇಬೇಡಿ.

ಕೊಪ್ಪದ ಅಕ್ಕ:

ಬೂದು ಬಂದ ಫೋಟೋಗಳನ್ನು ಯಾರಿಗಾದರೂ ವಾಟ್ಸಾಪ್‌ನಲ್ಲಿ ತೆಗೆದ ಕೂಡಲೇ ಕಳಿಸಿದ್ದಿರಾ ನೋಡಿ. ನಮ್ಮ ಅಡಿಕೆ ಗ್ರೂಪುಗಳಲ್ಲಿ ಎಲ್ಲರೂ ಸೋಗೆಯ ಫೋಟೋ ಹಾಕುತ್ತಲೇ ಇರುತ್ತಾರೆ ಅಲ್ವಾ. ಅಲ್ಲಿ ಸ್ವಲ್ಪ ಮಸುಕಾದ ಪ್ರತಿ ಇದ್ದರೂ ಇರಬಹುದು. ತಾರೀಕು ಬೇಕಾದರೆ ಕಳಿಸಿದ ದಿನ ನೋಡಿ, ಫೋಟೋದೊಳಗೆ ಉಳಿದಿರುವುದಿಲ್ಲ.

ತೋಟದಮನೆ:

ಇಂಟರ್ನಲ್ ಮಾಡಿರಲಿಲ್ಲ. ಶಿವಮೊಗ್ಗದಲ್ಲಿ ಓದುವ ಅಣ್ಣನ ಮಗ ಲ್ಯಾಪ್‌ಟಾಪ್ ತಂದು ಕಾಪಿ ತೆಗೆದುಕೊಟ್ಟ. ಹಳೇ ಫೋಟೋ ಬಹುತೇಕ ಬಂದವು. ಆಮೇಲೆ ಅವನೇ ಕಾರ್ಡ್ ಫಾರ್ಮ್ಯಾಟ್ ಮಾಡಿ, ನಿಜವಾದ ಜಾಗ ಎಷ್ಟಿದೆ ಅಂತ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯೂ ಹಾಕಿದ. ಸರಿ ಇರುವುದು 15 ಜಿಬಿ ಹತ್ತಿರ ಅಷ್ಟೇ! ಅಕ್ಕ ಹೇಳಿದ ಹಾಗೆ ಗ್ರೂಪಿನಲ್ಲೂ ಕೆಲವು ಸಿಕ್ಕವು.

ತಾಳಮದ್ದಳೆ ಮಾತ್ರ ಕಷ್ಟ. ಎಂ4ಎ ಫೈಲ್ ಸಿಕ್ಕಿದೆ, ಗಾತ್ರವೂ ಇದೆ, ಯಾವ ಪ್ಲೇಯರ್‌ನಲ್ಲೂ ಓಡುವುದಿಲ್ಲ.

ಸಾಗರದ ರಿಪೇರಿಯವ:

ಗಾತ್ರ ಇದೆ ಅಂದರೆ ಕೈಬಿಡಬೇಡಿ. ಇಂಥ ಫೈಲಿನಲ್ಲಿ ಮಾತು ಮೊದಲು ಬರೆದು, ಅದನ್ನು ಓದುವ ವಿವರವನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದಾಗ ಕೊನೆಗೆ ಬರೆಯುತ್ತದೆ. ಬಾಲ ಹೋದರೆ ಪ್ಲೇಯರ್‌ಗೆ ತಲೆಬುಡ ತಿಳಿಯುವುದಿಲ್ಲ, ಮಾತು ಒಳಗೇ ಇರಬಹುದು. ಅನ್‌ಟ್ರಂಕ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದಕ್ಕೆ ಮಾದರಿಯಾಗಿ ಇನ್ನೊಂದು ಸರಿ ಇರುವ ಫೈಲ್ ಕೊಡಬೇಕು. ಅದೇ ಫೋನ್, ಅದೇ ಆ್ಯಪ್, ಅದೇ ಕ್ವಾಲಿಟಿ ಸೆಟ್ಟಿಂಗ್. ಆ್ಯಪ್ ಅಪ್‌ಡೇಟ್ ಮಾಡುವ ಮೊದಲೇ ಸ್ವಲ್ಪ ಹೊತ್ತು ಏನಾದರೂ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ನಡುವೆ ತುಂಡು ತಪ್ಪಿದ್ದರೆ ಅಲ್ಲಿಯವರೆಗೆ ಮಾತ್ರ ಬರುತ್ತದೆ.

ಓಡದಿದ್ದರೆ ಎರಡೂ ಫೈಲ್ ಪೆನ್‌ಡ್ರೈವ್‌ಗೆ ಹಾಕಿಕೊಂಡು ಸಾಗರಕ್ಕೆ ಬಂದಾಗ ತನ್ನಿ, ಕೂತು ನೋಡೋಣ. ಕಾರ್ಡ್ ತರುವುದು ಬೇಡ, ಕಾಪಿ ಸಾಕು.