ಭಾನುವಾರ ಬಡಿಸಿದ ಅನ್ನ ಬುಧವಾರಕ್ಕೆ ಒಣಗಿಸುತ್ತಾರೆ: ಅಡುಗೆ ಮಾಡಿ ಹಾಕೋದಾ, ರೇಷನ್ ಕೊಡೋದಾ?

ಕೋಲಾರದಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ನಮ್ಮ ಚರ್ಚ್ ಸಭೆಯ ಸ್ತ್ರೀಯರ ಕೂಟದವರು ಭಾನುವಾರ ಆರಾಧನೆ ಮುಗಿಸಿ ಪಲಾವ್ ಮಾಡಿಕೊಂಡು ಹೋಗಿ ಬಡಿಸುತ್ತೇವೆ. ಟೊಮೆಟೊ ಮಾರ್ಕೆಟ್ ಕಡೆ ಖಾಲಿ ಸೈಟುಗಳಲ್ಲಿ ಟಾರ್ಪಾಲು ಕಟ್ಟಿಕೊಂಡಿರುವ ಕುಟುಂಬಗಳಿವೆ, ಅವರಿಗೆ. ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರು. ಕೆಲವರು ನಮ್ಮ ಜಿಲ್ಲೆಯವರೇ, ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟವರು. ಗಂಡಸರು ಬಾಕ್ಸ್ ಹೊರುತ್ತಾರೆ, ಹೆಂಗಸರು ತೋಟಗಳಿಗೆ ಹಣ್ಣು ಬಿಡಿಸಲು ಹೋಗುತ್ತಾರೆ.

ಹದಿನೈದು ಕೆಜಿ ಬಾಕ್ಸು ನೂರು ರೂಪಾಯಿಗೂ ಹೋಗದಿದ್ದಾಗ ರೈತ ಹಣ್ಣು ಬಿಡಿಸುವುದೇ ಇಲ್ಲ. ಕೂಲಿ, ಬಾಡಿಗೆ, ಕಮಿಷನ್ ಎಲ್ಲ ಕೈಯಿಂದ ಹೋಗುತ್ತೆ ಅಂತ ಗಿಡದಲ್ಲೇ ಬಿಡುತ್ತಾನೆ. ಅವನ ಕಷ್ಟ ಪೇಪರಿನಲ್ಲಾದರೂ ಬರುತ್ತೆ. ಅವನ ತೋಟಕ್ಕೆ ಕೂಲಿಗೆ ಹೋಗಬೇಕಿದ್ದವಳ ಒಲೆ ಆ ದಿನ ಹತ್ತಲಿಲ್ಲ ಅನ್ನೋದನ್ನು ಬರೆಯುವವರು ಯಾರೂ ಇಲ್ಲ. ಈ ಸಲ ಹೀಗೇ ಆಗಿದೆ.

ಮೊನ್ನೆ ಬಡಿಸಿ ಪಾತ್ರೆ ಎತ್ತಿಡುವಾಗ ನೋಡಿದೆ. ಒಬ್ಬ ತಾಯಿ ತನ್ನ ಪಾಲಿನ ಅರ್ಧವನ್ನು ಗೊಬ್ಬರದ ಚೀಲದ ಮೇಲೆ ತೆಳ್ಳಗೆ ಹರಡುತ್ತಿದ್ದಳು. ಬಟಾಣಿ, ಆಲೂಗಡ್ಡೆ ಚೂರು ಇದ್ದರೆ ಹಳಸುತ್ತೆ ಅಂತ ಒಂದೊಂದೇ ಆರಿಸಿ ತೊಡೆ ಮೇಲಿದ್ದ ಮಗುವಿನ ಬಾಯಿಗೆ ಇಡುತ್ತಿದ್ದಳು. ಯಾಕಮ್ಮಾ ಅಂದೆ. "ಒಣಗಿಸಿ ಡಬ್ಬಿಗೆ ಹಾಕ್ತೀನ್ರೀ ಅಕ್ಕಾರ, ಬುಧವಾರ ನೀರಾಗ ಕುದಿಸಿ ಉಪ್ಪು ಹಾಕಿದ್ರ ಹುಡುಗ್ರಿಗೆ ಆಕೈತಿ" ಅಂದಳು. ನಾವು ಒಂದು ಹೊತ್ತಿಗೆ ಅಂತ ಕೊಟ್ಟಿದ್ದನ್ನು ಅವಳು ವಾರಕ್ಕೆ ಹಂಚಿಕೊಳ್ಳುತ್ತಿದ್ದಾಳೆ.

ಈಗ ಕೂಟದಲ್ಲಿ ಎರಡು ಮಾತು ನಡೆದಿದೆ. ಅಡುಗೆ ನಿಲ್ಲಿಸಿ ರೇಷನ್ ಕಿಟ್ ಕೊಡೋಣ ಅಂತ ಕೆಲವರು. ಕಾಲ ಸರಿಯಿಲ್ಲ, ಮತಾಂತರ ಅಂತ ಯಾರಾದರೂ ಗಲಾಟೆ ಮಾಡಿದರೆ ಸಭೆಗೇ ತೊಂದರೆ, ಪೂರ್ತಿ ನಿಲ್ಲಿಸೋಣ ಅಂತ ಹಿರಿಯರಲ್ಲಿ ಕೆಲವರು. ನಿಲ್ಲಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ದುಡ್ಡಿನ ಮೂಲ ಅಂದರೆ ಮನೆಮನೆಯ ಹಿಡಿ ಅಕ್ಕಿ ಡಬ್ಬ, ಮತ್ತೆ ಸುಗ್ಗಿ ಹಬ್ಬದ ಹರಾಜಿನಲ್ಲಿ ಬಂದದ್ದರಲ್ಲಿ ಒಂದು ಪಾಲು. ಇಂಥ ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ರಾಬರ್ಟ್‌ಸನ್‌ಪೇಟೆ ಮೇಷ್ಟ್ರು:

ಅಮ್ಮಾ, ಮೊದಲು ಕೇಳಬೇಕಾದ್ದು ಯಾರ ಹತ್ತಿರ ಒಲೆ ಇದೆ, ಯಾರ ಹತ್ತಿರ ಇಲ್ಲ ಅಂತ. ಕಿಟ್ಟೋ ಅಡುಗೆಯೋ ಅನ್ನುವುದು ಆಮೇಲೆ ತಾನಾಗೇ ತೀರ್ಮಾನವಾಗುತ್ತೆ.

ನಾನು ಕೆಜಿಎಫ್‌ನವನು, ಕಥೋಲಿಕ. ನಮ್ಮ ಚರ್ಚಿನಲ್ಲಿ ಸಂತ ವಿನ್ಸೆಂಟ್ ದೆ ಪಾಲ್ ಸಭೆ ಅಂತ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಜಾನಮ್ ಅನ್ನುವ ಇಪ್ಪತ್ತು ವರ್ಷದ ಹುಡುಗ ತನ್ನ ಜೊತೆಯವರನ್ನು ಸೇರಿಸಿಕೊಂಡು ಶುರು ಮಾಡಿದ್ದು. ಬಡವರನ್ನು ಬಾಗಿಲಿಗೆ ಕರೆಸಬಾರದು, ನಾವೇ ಅವರ ಮನೆಗೆ ಹೋಗಬೇಕು, ಅದು ಅದರ ಜೀವಾಳ. ಇಬ್ಬಿಬ್ಬರು ಹೋಗುತ್ತೇವೆ. ಕೂತು ಮಾತಾಡುತ್ತೇವೆ. ಏನು ಕೊಟ್ಟೆವು ಅನ್ನುವುದು ನಮ್ಮ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬರುವುದಿಲ್ಲ.

2001ರಲ್ಲಿ ಗಣಿ ಮುಚ್ಚಿದಾಗ ಇದರ ಬೆಲೆ ಗೊತ್ತಾಯಿತು. ನೂರು ವರ್ಷಕ್ಕೂ ಮೇಲೆ ಸಂಬಳ ಕಂಡ ಕಾಲೊನಿಗಳು. ಅಲ್ಲಿನ ಜನ ಸಾಲಿನಲ್ಲಿ ನಿಂತು ಅನ್ನ ಇಸಿದುಕೊಳ್ಳುವವರಲ್ಲ, ಹಸಿದೇ ಇರುವವರು. ಮನೆಗೆ ಹೋದರೆ ಮಾತ್ರ ಬಾಗಿಲು ತೆಗೆದರು. ಆಮೇಲೆ 2020ರ ಲಾಕ್‌ಡೌನ್. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲು ನಿಂತಿತು, ಅದರ ಜೊತೆ ಹೌಸ್‌ಕೀಪಿಂಗ್, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರ ಊಟವೂ ನಿಂತಿತು. ಆಗಲೂ ಹೀಗೇ ಮಾಡಿದೆವು. ಒಲೆ ಇದ್ದ ಮನೆಗೆ ರಾಗಿ ಹಿಟ್ಟು, ಬೇಳೆ, ಎಣ್ಣೆ, ಉಪ್ಪು, ಒಂದು ಸೋಪು. ಬಸ್‌ಸ್ಟ್ಯಾಂಡಿನಲ್ಲಿ ಮಲಗುವವರಿಗೆ ಮತ್ತು ಕೈಲಾಗದ ಮುದುಕರಿಗೆ ಮಾಡಿದ ಅಡುಗೆ. ಸೌದೆ, ಸೀಮೆಎಣ್ಣೆ ಇಲ್ಲದವರಿಗೆ ಹತ್ತು ಕೆಜಿ ಅಕ್ಕಿ ಕೊಟ್ಟರೆ ಅದನ್ನು ಅವರು ಅರ್ಧ ಬೆಲೆಗೆ ಮಾರಬೇಕಾಗುತ್ತೆ.

ಅನ್ನ ಒಣಗಿಸಿದ ಆ ತಾಯಿಗೆ ಕುದಿಸಲು ಒಲೆ ಇದೆ ಅಂತ ನಿಮ್ಮ ಬರಹದಲ್ಲೇ ಇದೆಯಲ್ಲ. ಅವಳಿಗೆ ಬೇಕಾದದ್ದು ಸಾಮಾನು. ಏನು ಬೇಕು ಅಂತ ಅವಳನ್ನೇ ಕೇಳಿ. ರಾಯಚೂರಿನ ಕಡೆಯವಳಾದರೆ ಜೋಳದ ಹಿಟ್ಟು ಅನ್ನಬಹುದು, ನಮ್ಮ ರಾಗಿ ಅವಳ ಮಕ್ಕಳಿಗೆ ಒಗ್ಗಿರಲಿಕ್ಕಿಲ್ಲ.

ಮತಾಂತರದ ಮಾತಿಗೆ ಬರೋಣ. ಈ ಅನುಮಾನಕ್ಕೆ ಹಳೆಯ ಬೇರಿದೆ, ಅದನ್ನು ಮರೆಮಾಚಬಾರದು. 1876-78ರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಗಟ್ಟಲೆ ಜನ ಸತ್ತರು, ಕೋಲಾರ ಜಿಲ್ಲೆ ತುಂಬಾ ನರಳಿತು. ಆಗ ಮಿಸ್ ಆ್ಯನ್‌ಸ್ಟಿ ಅನ್ನುವ ಇಂಗ್ಲಿಷ್ ಮಹಿಳೆ ತಂದೆತಾಯಿ ಸತ್ತ ಮಕ್ಕಳನ್ನು ಕೋಲಾರದಲ್ಲಿ ಕೂಡಿಸಿ ಅನಾಥಾಲಯ ನಡೆಸಿದಳು. 1890ರಲ್ಲಿ ಅದನ್ನು ಅಮೆರಿಕದ ಮೆಥೊಡಿಸ್ಟ್ ಮಿಷನರಿಗಳಿಗೆ ಒಪ್ಪಿಸಿದಳು. ಆ ಮಕ್ಕಳು ಬದುಕಿದರು, ಕ್ರೈಸ್ತರಾಗಿಯೇ ಬೆಳೆದರು. ಬದುಕಿಸಿದ್ದು ದೊಡ್ಡದು ಅಂತಲೇ ನಾನು ನಂಬಿದ್ದೇನೆ. ಆದರೆ ಹೊರಗಿನವರ ಕಣ್ಣಿಗೆ ಅನ್ನ ಮತ್ತು ಧರ್ಮ ಒಂದೇ ತಟ್ಟೆಯಲ್ಲಿ ಬಂದಂತೆ ಕಂಡಿತು. ನಮ್ಮ ರಾಜ್ಯದ 2022ರ ಮತಾಂತರ ತಡೆ ಕಾಯ್ದೆ ಅಪರಾಧ ಅಂದದ್ದು ಆಮಿಷ ಒಡ್ಡಿ ಮತಾಂತರಿಸುವುದನ್ನು, ಹಸಿದವರಿಗೆ ಬಡಿಸುವುದನ್ನಲ್ಲ. ಹಾಗಾಗಿ ಎರಡನ್ನೂ ಪೂರ್ತಿ ಬೇರೆ ಇಡಿ. ಕರಪತ್ರ ಬೇಡ, ಬ್ಯಾನರ್ ಬೇಡ, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಬೇಡ. ಪ್ರಾರ್ಥನೆಯನ್ನು ಅಡುಗೆಮನೆಯಲ್ಲೇ ಮುಗಿಸಿ ಹೊರಡಿ. ಹಸಿದವರಿಗೆ ಮಾಡಿದ್ದು ನನಗೇ ಮಾಡಿದಂತೆ ಅಂತ ಯೇಸುಸ್ವಾಮಿ ಹೇಳಿದಾಗ, ಉಂಡವರು ಆಮೇಲೆ ಏನಾಗಬೇಕು ಅಂತ ಷರತ್ತು ಹಾಕಿರಲಿಲ್ಲ.

ಗುಬ್ಬಿ ಅಡುಗೆ ಭಟ್ಟ:

ಅಕ್ಕಾ, ನಾನು ತುಮಕೂರಲ್ಲಿ ಮದುವೆ ಅಡುಗೆ ಕಾಂಟ್ರ್ಯಾಕ್ಟ್ ಮಾಡೋನು. ಚಿಕ್ಕಂದಿನಲ್ಲಿ ಸಿದ್ಧಗಂಗೆ ಮಠದಲ್ಲಿದ್ದು ಓದಿದೋನು, ಅಲ್ಲಿಯ ಮುದ್ದೆ ತಿಂದೇ ಬೆಳೆದೋನು. ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಪಂಕ್ತಿಯಲ್ಲಿ ಪಕ್ಕದವನು ಯಾರು ಅಂತ ನಾವು ಕೇಳಿದ್ದೇ ಇಲ್ಲ. ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನೀವು ಯಾರಾದರೇನು, ಬಡಿಸಿ. ಗಲಾಟೆಗೆ ಬರೋರು ಬಂದರೆ ಅವರ ಕೈಗೂ ಒಂದು ಸೌಟು ಕೊಡಿ.

ಕೆಲಸದ ಮಾತು ಹೇಳ್ತೀನಿ. ವಾರವಾರ ಅಡುಗೆ ಹಂಚೋದಾದರೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ರಿಜಿಸ್ಟ್ರೇಷನ್ ಮಾಡಿಸಿಬಿಡಿ. ಧಾರ್ಮಿಕ, ಸಾಮಾಜಿಕ ಕೂಟಗಳಲ್ಲಿ ಊಟ ಹಂಚೋರೂ ಆ ನಿಯಮದಲ್ಲಿ ಬರ್ತಾರೆ. ಅವರದೇ ಫೋಸ್ಕೋಸ್ ವೆಬ್‌ಸೈಟಲ್ಲಿ ಅರ್ಜಿ, ವರ್ಷಕ್ಕೆ ನೂರು ರೂಪಾಯಿ ಫೀಸು. ಯಾರಾದರೂ ಬಂದು ಪ್ರಶ್ನೆ ಮಾಡಿದರೆ ತೋರಿಸೋಕೆ ಒಂದು ಕಾಗದ ಇರುತ್ತೆ. ನಿಮ್ಮ ಹಿರಿಯರಿಗೂ ಧೈರ್ಯ ಬರುತ್ತೆ.

ಬೇಸಿಗೆಯಲ್ಲಿ ಪಲಾವ್ ಬಿಡಿ. ತರಕಾರಿ, ಕಾಯಿ ಹಾಕಿದ್ದು ಬೇಗ ಕೆಡುತ್ತೆ. ನಿಂಬೆಹಣ್ಣಿನ ಚಿತ್ರಾನ್ನ ಅಥವಾ ಹುಣಸೆ ಗೊಜ್ಜಿನ ಪುಳಿಯೋಗರೆ ಮಾಡಿ, ಕಡಲೆಬೀಜ ಕೈಬಿಚ್ಚಿ ಹಾಕಿ. ಅಕ್ಕಿ ಲೆಕ್ಕ ಮದುವೆ ಲೆಕ್ಕ ಅಲ್ಲ. ಮದುವೇಲಿ ಕೆಜಿಗೆ ಹತ್ತು ಜನ, ಕೂಲಿ ಮಾಡೋರಿಗೆ ಆರೇಳು ಜನಕ್ಕೆ ಸಾಕಾದರೆ ಹೆಚ್ಚು. ಬಸಿದ ತಕ್ಷಣ ಮುಚ್ಚಿಡಬೇಡಿ, ಹಬೆ ನೀರಾಗಿ ಅನ್ನದ ಮೇಲೇ ಬೀಳುತ್ತೆ, ಬೇಗ ಹಳಸುತ್ತೆ. ಇಳಿಸಿ ನಾಲ್ಕು ಗಂಟೆಯೊಳಗೆ ಬಡಿಸಿ ಮುಗಿಸಿಬಿಡಿ. ಒಣಗಿಸಿಡೋ ಅನ್ನದ ವಿಷಯ ಓದಿ ಸಂಕಟ ಆಯ್ತು, ಮಸಾಲೆ ಎಣ್ಣೆ ಇರೋ ಅನ್ನ ಒಣಗಿಸಿ ತಿಂದರೆ ಮಕ್ಕಳಿಗೆ ಹೊಟ್ಟೆ ಕೆಡೋ ಅಪಾಯ ಇದೆ. ಸಾಮಾನು ಕೊಡೋ ವ್ಯವಸ್ಥೆ ಆಗೋವರೆಗೂ ಅವಳಿಗೆ ಒಂದು ಕೆಜಿ ಅವಲಕ್ಕಿ ಕೊಟ್ಟುಬಿಡಿ. ನೆನೆಸಿದರೆ ಸಾಕು.

ಚಿಂತಾಮಣಿ ಟೀಚರ್:

ನಾನು ಅಂಗನವಾಡಿ ಕಾರ್ಯಕರ್ತೆ. ಒಂದೇ ವಿಷಯ ಸೇರಿಸುತ್ತೇನೆ, ಇದು ಮುಖ್ಯ ಅನ್ನಿಸಿತು.

ಆ ಕುಟುಂಬಗಳಲ್ಲಿ ಎಷ್ಟು ಜನಕ್ಕೆ ರೇಷನ್ ಕಾರ್ಡ್ ಇದೆ ಅಂತ ವಿಚಾರಿಸಿ. ಬಹಳ ಜನಕ್ಕೆ ಇರುತ್ತೆ, ಊರಲ್ಲಿ ಬಿಟ್ಟು ಬಂದಿರುತ್ತಾರೆ, ಇಲ್ಲಿ ಕೊಡಲ್ಲ ಅಂದುಕೊಂಡಿರುತ್ತಾರೆ. ರಾಯಚೂರಿನ ಬಿಪಿಎಲ್ ಕಾರ್ಡಿಗೆ ಕೋಲಾರದ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ರೇಷನ್ ಪಡೆಯಬಹುದು, ಕಾರ್ಡ್ ನಂಬರ್ ಇದ್ದರೆ ಸಾಕು. ಅಂಗಡಿಯವರು ಸ್ಟಾಕ್ ಇಲ್ಲ ಅಂತ ಸಾಗಹಾಕಬಹುದು. ನಿಮ್ಮಲ್ಲಿ ಓದುಬರಹ ಬಲ್ಲವರೊಬ್ಬರು ತಿಂಗಳ ಮೊದಲ ವಾರ ಅವರ ಜೊತೆ ಹೋಗಿ ನಿಂತರೆ ಆ ಮಾತು ಬರುವುದಿಲ್ಲ. ಹತ್ತು ಕಿಟ್‌ಗಿಂತ ಈ ಜೊತೆ ಹೋಗುವುದು ದೊಡ್ಡ ಸಹಾಯ ಅಂತ ನನ್ನ ಅನಿಸಿಕೆ.

ಎರಡನೆಯದು, ಬಸುರಿ ಬಾಣಂತಿಯರಿಗೆ 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಮಧ್ಯಾಹ್ನ ಬಿಸಿಯೂಟ ಇದೆ. ಮೂರರಿಂದ ಆರು ವರ್ಷದ ಮಕ್ಕಳಿಗೂ ಊಟ, ಹಾಲು, ಮೊಟ್ಟೆ. ವಲಸೆ ಬಂದವರ ಮಕ್ಕಳನ್ನೂ ಸೇರಿಸಿಕೊಳ್ಳುತ್ತೇವೆ. ತಾಯಿಯ ಆಧಾರ್ ಕೇಳುತ್ತಾರೆ, ಅದನ್ನು ಹಿಡಿದುಕೊಂಡು ಹತ್ತಿರದ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ತಾಯಿ ತೋಟಕ್ಕೆ ಹೋದಾಗ ಮಗು ಟಾರ್ಪಾಲಿನ ಕೆಳಗೆ ಒಂಟಿಯಾಗಿ ಇರುವುದೂ ತಪ್ಪುತ್ತೆ.

ಕೋಲಾರದಕ್ಕ:

ಮೇಷ್ಟ್ರೇ, ಭಟ್ರೇ, ಟೀಚರ್, ನಿಮ್ಮೆಲ್ಲರ ಮಾತನ್ನು ಕೂಟದಲ್ಲಿ ಓದಿ ಹೇಳಿದೆ. ನಮ್ಮ ಪಾದ್ರಿ ಅಯ್ಯನವರೂ ಕೂತು ಕೇಳಿದರು.

ಆ ತಾಯಿಯನ್ನು ಕೇಳಿದೆವು. ಜೋಳದ ಹಿಟ್ಟು ಅನ್ನಲಿಲ್ಲ ಮೇಷ್ಟ್ರೇ, ಕೇಳಿದ್ದು ಮೆಣಸಿನಕಾಯಿ, ಎಣ್ಣೆ, ಬೇಳೆ. ಕಾರ್ಡು ಊರಲ್ಲಿ ಅತ್ತೆ ಹತ್ತಿರ ಇದೆಯಂತೆ. ಫೋನಿನಲ್ಲಿ ಕಾರ್ಡಿನ ಫೋಟೊ ತರಿಸಿಕೊಂಡೆವು. ಬರುವ ತಿಂಗಳು ನಮ್ಮಲ್ಲೊಬ್ಬಳು ಜೊತೆಗೆ ಅಂಗಡಿಗೆ ಹೋಗುತ್ತಾಳೆ. ಅಕ್ಕಿ ಅಲ್ಲಿ ಸಿಕ್ಕರೆ ನಮ್ಮ ದುಡ್ಡು ಬೇಳೆ ಎಣ್ಣೆಗೆ ಉಳಿಯುತ್ತೆ. ಒಲೆ ಇಲ್ಲದವರ ಪಟ್ಟಿ ಬೇರೆ ಮಾಡಿದ್ದೇವೆ, ಅವರಿಗೆ ಭಾನುವಾರದ ಜೊತೆ ಬುಧವಾರ ಸಂಜೆಯೂ ಚಿತ್ರಾನ್ನ. ಬುಧವಾರದ ಅಡುಗೆಗೆ ಬೀದಿಯ ಇಬ್ಬರು ಮುಸ್ಲಿಂ ಹೆಣ್ಣುಮಕ್ಕಳು ತಾವೂ ಕೈಹಾಕುತ್ತೇವೆ ಅಂದಿದ್ದಾರೆ.

ನಿಲ್ಲಿಸೋಣ ಅಂದಿದ್ದ ಹಿರಿಯರಲ್ಲಿ ಒಬ್ಬರು ಇನ್ನೂ ಒಪ್ಪಿಲ್ಲ. ಇನ್ನೊಬ್ಬರು ಎಫ್‌ಎಸ್‌ಎಸ್‌ಎಐ ಅರ್ಜಿಗೆ ತಮ್ಮ ಆಧಾರ್ ಕೊಟ್ಟಿದ್ದಾರೆ.

ಭಟ್ರೇ, ಒಂದು ಕೇಳುವುದಿತ್ತು. ಪ್ಲಾಸ್ಟಿಕ್ ತಟ್ಟೆ ಬಿಟ್ಟು ಮುತ್ತುಗದ ಎಲೆಗೆ ಹೋಗಬೇಕು ಅಂತಿದ್ದೇವೆ. ತುಮಕೂರಿನ ಕಡೆ ಸಗಟಾಗಿ ಕೊಡುವವರು ಗೊತ್ತಿದ್ದರೆ, ನೂರರ ಕಟ್ಟಿಗೆ ಈಗ ಏನು ರೇಟು ನಡೆಯುತ್ತಿದೆ ತಿಳಿಸಿ.