ನಾಮಿನಿ ಅಣ್ಣ ಆದರೆ ಎಫ್‌ಡಿ ಪೂರ್ತಿ ಅಣ್ಣನಿಗೇನಾ?

ಪ್ರಶ್ನೆ (ಸರಸ್ವತಿಪುರಂ, ಮೈಸೂರು): ಸರ್, ನಮಸ್ಕಾರ. ಅಪ್ಪನಿಗೆ 76 ವರ್ಷ. ಎರಡು ಬ್ಯಾಂಕಿನಲ್ಲಿ ಸೇರಿ 18 ಲಕ್ಷದಷ್ಟು ಎಫ್‌ಡಿ ಇದೆ. ಪಿಂಚಣಿ ಬರುವ ಎಸ್‌ಬಿ ಖಾತೆ ಬೇರೆ. ಎಲ್ಲದಕ್ಕೂ ನಾಮಿನಿ ಅಣ್ಣ. ಅಮ್ಮನ ಹೆಸರು ಎಲ್ಲೂ ಇಲ್ಲ. ಕೇಳಿದರೆ "ಬರೆಸಿ ಆಗಿದೆ, ಇನ್ನೇನು?" ಅಂತಾರೆ ಅಪ್ಪ. ಅಣ್ಣ ಒಳ್ಳೆಯವನೇ. ಆದರೂ ಅಮ್ಮ ನಾಳೆ ಮಾತ್ರೆಗೂ ಅವನ ಮುಖ ನೋಡಬೇಕಾಗುತ್ತಾ ಅನ್ನೋದು ನನ್ನ ಚಿಂತೆ. ನಾನು ಜಾಸ್ತಿ ಮಾತಾಡಿದರೆ ಮಗಳು ಪಾಲು ಕೇಳ್ತಿದ್ದಾಳೆ ಅಂತಾಗುತ್ತೆ.

ಉತ್ತರ (ನಿವೃತ್ತ ಬ್ಯಾಂಕ್ ಮ್ಯಾನೇಜರ್): ನೋಡಮ್ಮ, ನಾಮಿನಿ ಬೇರೆ, ವಾರಸುದಾರ ಬೇರೆ. ಖಾತೆದಾರರು ಹೋದ ಮೇಲೆ ಬ್ಯಾಂಕು ದುಡ್ಡನ್ನು ಯಾರ ಕೈಗೆ ಕೊಡಬೇಕು ಅನ್ನೋದಕ್ಕೆ ಮಾತ್ರ ನಾಮಿನಿ. ಆ ದುಡ್ಡು ಯಾರದ್ದು ಅನ್ನೋದನ್ನು ವಿಲ್ ಹೇಳುತ್ತೆ, ವಿಲ್ ಇಲ್ಲದಿದ್ದರೆ ಕಾನೂನು ಹೇಳುತ್ತೆ. ಬ್ಯಾಂಕ್ ಠೇವಣಿ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಇದನ್ನು ಹೇಳಿದೆ.

ನಿಮ್ಮದು ಹಿಂದೂ ಕುಟುಂಬ ಅಂದುಕೊಂಡು ಲೆಕ್ಕ ಹೇಳ್ತೀನಿ. ವಿಲ್ ಇಲ್ಲದಿದ್ದರೆ 1956ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಪ್ಪನ ದುಡ್ಡು ಅಮ್ಮ, ಅಣ್ಣ, ನೀವು ಮೂವರಿಗೂ ಸಮ. ಅಂದರೆ ತಲಾ 6 ಲಕ್ಷ. ಅಪ್ಪನ ತಾಯಿ ಇದ್ದಿದ್ದರೆ ಅವರಿಗೂ ಒಂದು ಪಾಲು. ಮಗಳಿಗೆ ಮದುವೆ ಆಗಿದೆಯೋ ಇಲ್ಲವೋ, ಲೆಕ್ಕ ಬದಲಾಗಲ್ಲ.

ಇದು ಕಾನೂನಿನ ಮಾತಾಯ್ತು. ಅಣ್ಣನ ಖಾತೆಗೆ ಹೋದ ದುಡ್ಡನ್ನು ವಾಪಸ್ ತರೋದು ಬೇರೆ ಮಾತು. ಕೊಡಲ್ಲ ಅಂದರೆ ಕೋರ್ಟೇ ಗತಿ. ಹಾಗಾಗಿ ಪಿಂಚಣಿ ಖಾತೆಗೆ ಮೊದಲು ಅಮ್ಮನನ್ನು ಜಂಟಿಯಾಗಿ ಸೇರಿಸಿ, 'ಈದರ್ ಆರ್ ಸರ್ವೈವರ್' (ಇಬ್ಬರಲ್ಲಿ ಯಾರು ಬೇಕಾದರೂ, ಒಬ್ಬರು ಹೋದರೆ ಉಳಿದವರು ದುಡ್ಡು ತೆಗೆಯಬಹುದು) ಅಂತ ಬರೆಸಿ. ಆಮೇಲೆ ಎಫ್‌ಡಿಗಳು. ಎಸ್‌ಬಿಯಲ್ಲಿ ನಾಮಿನಿ ಬದಲಾಯಿಸಿದರೆ ಎಫ್‌ಡಿಯಲ್ಲಿ ತಾನಾಗಿಯೇ ಬದಲಾಗಲ್ಲ. ಒಂದೊಂದು ರಸೀದಿಯನ್ನೂ ತೆಗೆದು ನೋಡಿ. ಎಫ್‌ಡಿಯನ್ನೂ ಜಂಟಿ ಮಾಡಿಸುವುದಾದರೆ, ಒಬ್ಬರು ಹೋದರೆ ಇನ್ನೊಬ್ಬರು ಅವಧಿಗೆ ಮುಂಚೆ ಮುರಿಸಬಹುದು ಅಂತ ಇಬ್ಬರೂ ಈಗಲೇ ಸಹಿ ಮಾಡಿ ಕೊಡಬೇಕು. ಈ ಒಂದು ಸಹಿ ಇಲ್ಲದೆ ಅವಧಿ ಮುಗಿಯೋವರೆಗೂ ಕಾದವರನ್ನು ನಾನು ಕಂಡಿದ್ದೀನಿ.

2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು, ಯಾರಿಗೆ ಎಷ್ಟು ಪರ್ಸೆಂಟ್ ಅಂತಲೂ ಬರೆಯಬಹುದು. ಲಾಕರ್‌ಗೆ ಮಾತ್ರ ಮೊದಲ ನಾಮಿನಿ ಇಲ್ಲದಿದ್ದರೆ ಎರಡನೆಯವರು, ಹೀಗೆ ಒಬ್ಬರಾದ ಮೇಲೆ ಒಬ್ಬರು. ನಾಲ್ಕು ಸಾಲು ಇದೆ ಅಂತ ಸುಮ್ನೆ ತುಂಬಿಸಬೇಡಿ. ನಿಮ್ಮನೆಗೆ ಅಮ್ಮ ಒಬ್ಬರೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಫಾರ್ಮಿಗೆ ಅಪ್ಪ ಸಹಿ ಹಾಕುತ್ತಾರೆ ತಾನೇ? ಕೈ ನಡುಗಿ ಹೆಬ್ಬೆಟ್ಟು ಒತ್ತುವುದಾದರೆ ಇಬ್ಬರು ಸಾಕ್ಷಿ ಬೇಕಾಗುತ್ತೆ, ಜೊತೆಗೆ ಕರೆದುಕೊಂಡು ಹೋಗಿ.

ವಿಲ್ ಬಿಳಿ ಹಾಳೆಯ ಮೇಲೆ ಬರೆದರೂ ನಡೆಯುತ್ತೆ, ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಪಾಲು ಸಿಗುವವರನ್ನು ಸಾಕ್ಷಿ ಮಾಡಬೇಡಿ. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ನಾನಾಗಿದ್ದರೆ ಮಾಡಿಸ್ತೀನಿ. ಅದರಲ್ಲಿ ಬರೀ ಎಫ್‌ಡಿ ನಂಬರ್ ಬರೆದು ಬಿಡಬೇಡಿ. ಎಫ್‌ಡಿ ಮುರಿಸಿ ಇನ್ನೊಂದು ಕಡೆ ಇಟ್ಟರೆ ಆ ನಂಬರ್ ಹೋಯ್ತು. "ನಾನು ತೀರಿಕೊಂಡ ದಿನ ನನ್ನ ಹೆಸರಿನಲ್ಲಿರುವ ಎಲ್ಲಾ ಬ್ಯಾಂಕ್ ಠೇವಣಿ" ಅಂತ ಬರೆಸಿ.

ಅಪ್ಪನ ಹತ್ತಿರ ಪಾಲಿನ ಮಾತೇ ಎತ್ತಬೇಡಿ. "ನೀವು ಆಸ್ಪತ್ರೆಯಲ್ಲಿ ಮಲಗಿದರೆ ಅಮ್ಮ ಕರೆಂಟ್ ಬಿಲ್ಲಿಗೆ ಯಾವ ಖಾತೆಯಿಂದ ದುಡ್ಡು ತೆಗೀಬೇಕು?" ಅಂತ ಕೇಳಿ ನೋಡಿ.

ಪ್ರಶ್ನೆ (ಮದ್ದೂರು ಕಡೆಯಿಂದ): ಅಣ್ಣಾ, ಮಧ್ಯ ಬರ್ತಿದ್ದೀನಿ. ನಮ್ಮಪ್ಪ ತೀರಿಕೊಂಡು ಎರಡು ತಿಂಗಳಾಯ್ತು. ಕಬ್ಬಿನ ದುಡ್ಡು ಬೀಳುತ್ತಿದ್ದ ಖಾತೆಯಲ್ಲಿ 2 ಲಕ್ಷ 80 ಸಾವಿರ ಇತ್ತು, ನಾಮಿನಿ ಇಲ್ಲ. ತಿಥಿ ಖರ್ಚಿಗೆ ಅಂತ ಎಟಿಎಂನಲ್ಲಿ 30 ಸಾವಿರ ತೆಗೆದೆ. ಈಗ ಬ್ಯಾಂಕಿನಲ್ಲಿ ಕೋರ್ಟ್ ಸಕ್ಸೆಷನ್ ಸರ್ಟಿಫಿಕೇಟ್ (ವಾರಸುದಾರರು ಯಾರು ಅಂತ ಕೋರ್ಟ್ ಕೊಡುವ ಪತ್ರ) ತನ್ನಿ ಅಂತಿದ್ದಾರೆ. ಅವ್ವ, ತಂಗಿ ಯಾರದ್ದೂ ತಕರಾರಿಲ್ಲ.

ಉತ್ತರ: ಕಾರ್ಡ್ ಅಪ್ಪನದು, ಪಿನ್ ನಿಮಗೆ ಗೊತ್ತಿತ್ತು, ಅಲ್ವಾ? ಎಲ್ಲರ ಮನೆಯಲ್ಲೂ ಹಾಗೇ ಆಗುತ್ತೆ, ಆದರೂ ತಪ್ಪು ತಪ್ಪೇ. ಇನ್ನು ಮುಟ್ಟಬೇಡಿ. ತೆಗೆದದ್ದನ್ನು ಅವ್ವ, ತಂಗಿಗೂ ಬ್ಯಾಂಕಿಗೂ ಹೇಳಿಬಿಡಿ, ಖರ್ಚಿನ ಚೀಟಿ ಇಟ್ಟುಕೊಳ್ಳಿ.

ಕೋರ್ಟಿಗೆ ಅಲೆಯೋದು ಬೇಕಿಲ್ಲ. ಮೃತರ ಖಾತೆ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ನಿರ್ದೇಶನ ಇದೆ. ವಿಲ್ ಇಲ್ಲ, ಜಗಳ ಇಲ್ಲ ಅಂದರೆ 15 ಲಕ್ಷದವರೆಗೆ ಸರಳ ದಾರಿಯಲ್ಲೇ ಕೊಡಬೇಕು. ಸಹಕಾರಿ ಬ್ಯಾಂಕಾದರೆ 5 ಲಕ್ಷ. ಕ್ಲೇಮ್ ಫಾರ್ಮ್, ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ, ಇಂಡೆಮ್ನಿಟಿ ಬಾಂಡ್ (ಮುಂದೆ ಬೇರೆ ಯಾರಾದರೂ ಹಕ್ಕು ಕೇಳಿದರೆ ಬ್ಯಾಂಕಿನ ನಷ್ಟ ನಾವು ತುಂಬಿಕೊಡ್ತೀವಿ ಅನ್ನೋ ಪತ್ರ), ಅವ್ವ ಮತ್ತು ತಂಗಿಯಿಂದ ಒಪ್ಪಿಗೆ ಪತ್ರ ಬೇಕು. ವಾರಸುದಾರರು ಇಷ್ಟೇ ಜನ ಅನ್ನೋದಕ್ಕೂ ದಾಖಲೆ ಕೇಳ್ತಾರೆ. ಅದಕ್ಕೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿಡಿ. ಎಲ್ಲಾ ಕಾಗದ ಕೊಟ್ಟ ಮೇಲೆ 15 ದಿನದೊಳಗೆ ಮುಗಿಸಬೇಕು. ಕೌಂಟರಿನಲ್ಲಿ ವಾದ ಮಾಡಬೇಡಿ, ಅರ್ಜಿ ಬರೆದುಕೊಟ್ಟು ಸೀಲ್ ಹಾಕಿಸಿಕೊಂಡು ಬನ್ನಿ.

ಪ್ರಶ್ನೆ (ಸರಸ್ವತಿಪುರಂ): ಸರ್, ಕರೆಂಟ್ ಬಿಲ್ ಮಾತು ಕೆಲಸ ಮಾಡ್ತು! ಸೋಮವಾರ ಬ್ಯಾಂಕಿಗೆ ಹೋಗೋಣ ಅಂದರು. ರಸೀದಿ ಹುಡುಕುವಾಗ ಟ್ರಂಕಿನಲ್ಲಿ ಅಜ್ಜಿಯ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಪಾಸ್‌ಬುಕ್ ಸಿಕ್ಕಿತು. ಕೊನೆಯ ಎಂಟ್ರಿ 2009ರದ್ದು, ಬಾಕಿ 41 ಸಾವಿರ. ಅಜ್ಜಿ, ತಾತ ಇಬ್ಬರೂ ಈಗಿಲ್ಲ. ಬ್ಯಾಂಕೂ ಇಲ್ಲ. ದುಡ್ಡು ಹೋದ ಹಾಗೇನಾ?

ಉತ್ತರ: ಎಲ್ಲಿಗೂ ಹೋಗಿಲ್ಲ. ಆ ಬ್ಯಾಂಕು 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ ಸೇರಿತು, ಖಾತೆಗಳೂ ಅಲ್ಲಿಗೇ ಹೋದವು. ಹತ್ತು ವರ್ಷ ಯಾರೂ ಮುಟ್ಟದ ದುಡ್ಡು ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತೆ. ಹಾಗೆ ಹೋಗಿದ್ದರೂ ವಾರಸುದಾರರು ಎಸ್‌ಬಿಐನಲ್ಲೇ ಅರ್ಜಿ ಹಾಕಿ ಪಡೆಯಬಹುದು. ಮೊದಲು ಯಾರೂ ಕೇಳದೆ ಉಳಿದ ಠೇವಣಿ ಹುಡುಕೋದಕ್ಕೆ ಇರುವ ರಿಸರ್ವ್ ಬ್ಯಾಂಕಿನ 'ಉದ್ಗಮ್' ಪೋರ್ಟಲ್‌ನಲ್ಲಿ ಅಜ್ಜಿಯ ಹೆಸರು ಹಾಕಿ ನೋಡಿ. ಪಾಸ್‌ಬುಕ್ಕಿನ ಮೊದಲ ಪುಟ ಜೋಪಾನ, ಬ್ರಾಂಚ್ ಮತ್ತು ಖಾತೆ ನಂಬರ್ ಅಲ್ಲೇ ಇರೋದು.

ಅಂದಹಾಗೆ, ನಿಮಗೆ ಸೋದರತ್ತೆ ಇದ್ದಾರಾ? ಇದ್ದರೆ ಆ 41 ಸಾವಿರದಲ್ಲಿ ಅಪ್ಪನಷ್ಟೇ ಪಾಲು ಅವರದ್ದೂ ಇದೆ. ಅರ್ಜಿಗೆ ಅವರ ಸಹಿಯೂ ಬೇಕಾಗುತ್ತೆ. ಸೋಮವಾರಕ್ಕೆ ಮುಂಚೆ ಒಂದು ಫೋನ್ ಮಾಡಿಬಿಡಿ.