‘ಹೂರಣ’ ಸಿಹಿಗೆ ಮಾತ್ರ ಸಲ್ಲುವ ಪದವೇ? (ಚೀನೀ ಕಡುಬಿನ ವಿಧಾನ ಬರೆಯುವಾಗ ಎದುರಾದ ಪ್ರಶ್ನೆ)

ಮಾನ್ಯರೇ,

ಸಿಂಗಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ, ಚೀನಾದ ಶಾಂಡೊಂಗ್ ಪ್ರಾಂತ್ಯದಿಂದ ಬಂದ ಹಿರಿಯರೊಬ್ಬರು ತಮ್ಮ ಹೊಸ ವರ್ಷದ ಹಿಂದಿನ ಸಂಜೆ ನಮ್ಮನ್ನೂ ಜೊತೆಗೆ ಕೂರಿಸಿಕೊಂಡು, ಹಿಟ್ಟಿನ ಬಿಲ್ಲೆಯೊಳಗೆ ಮಾಂಸ, ತರಕಾರಿ ತುಂಬಿ ಬೇಯಿಸುವ ‘ಚ್ಯಾವ್‌ತ್ಸ’ ಮಾಡುವುದನ್ನು ಕಲಿಸಿಕೊಟ್ಟರು. ಆ ವಿಧಾನವನ್ನು ಧಾರವಾಡದಲ್ಲಿರುವ ಅಕ್ಕನಿಗೆ ಕನ್ನಡದಲ್ಲಿ ಬರೆದು ಕಳುಹಿಸಿದೆ; ಒಳಗೆ ತುಂಬುವುದನ್ನು ‘ಹೂರಣ’ ಎಂದು ಕರೆದಿದ್ದೆ. ಅವಳು ಎರಡನೆಯ ಸಾಲಿನಲ್ಲಿಯೇ ನಿಂತು, ‘ಹೂರಣಕ್ಕ ಉಳ್ಳಾಗಡ್ಡಿ, ಹಸಿಶುಂಠಿ ಯಾರರ ಹಾಕ್ತಾರೇನು?’ ಎಂದು ಕೇಳಿದಳು. ಅವಳ ಆಕ್ಷೇಪವನ್ನು ತಳ್ಳಿಹಾಕಲು ನನಗೆ ಮನಸ್ಸು ಬರುತ್ತಿಲ್ಲ. ಹಾಗೆಂದು ಪದವನ್ನು ಬಿಟ್ಟುಕೊಡಲೂ ಮನಸ್ಸಿಲ್ಲ.

ಸಂಸ್ಕೃತದ ‘ಪೂರಣ’ವೇ ನಮ್ಮಲ್ಲಿ ‘ಹೂರಣ’ವಾಗಿದೆ, ಅದರ ಮೂಲ ಅರ್ಥ ತುಂಬುವುದು ಎಂಬುದಷ್ಟೇ ಹೊರತು ಅದರಲ್ಲಿ ಬೆಲ್ಲದ ಸುಳಿವಿಲ್ಲ. ಹೋಳಿಗೆ, ಕಡುಬುಗಳ ಒಡನಾಟದಿಂದ ಸಿಹಿಯ ಅರ್ಥ ಅದಕ್ಕೆ ಅಂಟಿಕೊಂಡಿದೆ. ಆದರೂ ಪತ್ರಿಕೆಗಳಲ್ಲಿ ‘ಪುಸ್ತಕದ ಹೂರಣ’, ‘ಭಾಷಣದ ಹೂರಣ’ ಎಂದು ಬರೆಯುವಾಗ ಯಾರಿಗೂ ಬೇಳೆಬೆಲ್ಲ ನೆನಪಾಗುವುದಿಲ್ಲವಾದ್ದರಿಂದ, ಪದವು ಈಗಾಗಲೇ ಅಡುಗೆಮನೆಯ ಹೊರಗೆ ಹಿಗ್ಗಿರುವಾಗ ಅಡುಗೆಮನೆಯ ಒಳಗೆ ಮಾತ್ರ ಏಕೆ ಹಿಗ್ಗಬಾರದು ಎಂಬುದು ನನ್ನ ವಾದ. ಚೀನೀ ಭಾಷೆಯಲ್ಲಿ ಇದಕ್ಕಿರುವ ‘ಶ್ಯೆನ್’ ಎಂಬ ಪದವೂ ಸಿಹಿ, ಖಾರ ಎಂಬ ಭೇದವನ್ನು ಮಾಡುವುದಿಲ್ಲ. ರುಬ್ಬಿದ ಕೆಂಪು ಕಾಳಿನ ಸಿಹಿಯೂ ಶ್ಯೆನ್, ಹಂದಿಮಾಂಸದ ಕೈಮಾ ಕೂಡ ಶ್ಯೆನ್.

ಮಸಾಲೆ ದೋಸೆಯ ಒಳಗಿನದನ್ನು ನಾವು ‘ಪಲ್ಯ’ ಎನ್ನುತ್ತೇವಾದ್ದರಿಂದ ಇಲ್ಲಿಯೂ ‘ಪಲ್ಯ’ ಸಾಕಲ್ಲವೇ ಎಂದು ಅಕ್ಕನ ಸಲಹೆ. ನಾನು ಇದನ್ನು ಒಪ್ಪದಿರಲು ಅಡುಗೆಯದೇ ಕಾರಣವಿದೆ. ಪಲ್ಯವೆಂದರೆ ಒಗ್ಗರಣೆ ಹಾಕಿ ಬೇಯಿಸಿ ಮುಗಿಸಿದ್ದು. ಚ್ಯಾವ್‌ತ್ಸದ ಒಳಗೆ ಹೋಗುವ ಮಾಂಸವಾಗಲಿ ಎಲೆಕೋಸಾಗಲಿ ಹಸಿಯಾಗಿಯೇ ಹೋಗಿ, ಹಿಟ್ಟಿನ ಒಳಗೇ ಬೆಂದು, ತನ್ನ ರಸವನ್ನು ಅಲ್ಲಿಯೇ ಬಿಡಬೇಕು. ‘ಪಲ್ಯ’ ಎಂದು ಬರೆದರೆ ಓದಿದವರು ಮೊದಲು ಬಾಣಲೆಯನ್ನು ಒಲೆಗೇರಿಸುತ್ತಾರೆ, ಆ ರಸವೆಲ್ಲ ಬಾಣಲೆಯಲ್ಲಿಯೇ ಆರಿಹೋಗುತ್ತದೆ. ನೆರೆಮನೆಯವರು ಒಲೆಯ ಹತ್ತಿರಕ್ಕೂ ಹೋಗಲಿಲ್ಲ. ಸಣ್ಣಗೆ ಹೆಚ್ಚಿದ ಎಲೆಕೋಸಿಗೆ ಉಪ್ಪು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಲ್ಲಿ ಕಟ್ಟಿ, ಬೆರಳಿನ ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಂಡಿ ನೀರು ತೆಗೆದರು. ಆಮೇಲೆ ಕೈಮಾ, ಶುಂಠಿ, ಈರುಳ್ಳಿ ಸೊಪ್ಪು, ಸೋಯಾ ಸಾಸ್ ಮತ್ತು ಎಳ್ಳೆಣ್ಣೆಯೊಡನೆ ಒಂದೇ ದಿಕ್ಕಿಗೆ ತಿರುವುತ್ತ ಕಲಸಿದರು.

ಹೊರಗಿನ ಹಿಟ್ಟಿಗೆ ಚೀನೀಯರು ‘ಚರ್ಮ’, ‘ಸಿಪ್ಪೆ’ ಎಂಬ ಅರ್ಥದ ಪದವನ್ನು ಬಳಸುತ್ತಾರೆ. ನಮ್ಮಲ್ಲಿ ಸಿಪ್ಪೆ ಎಂದರೆ ಸುಲಿದು ಎಸೆಯುವುದಾದ್ದರಿಂದ ಅದು ಹೊಂದುವುದಿಲ್ಲ. ‘ಕಣಕ’ ಎಂದಿದ್ದೇನೆ, ಇದಕ್ಕೆ ಅಕ್ಕನ ತಕರಾರಿಲ್ಲ. 500 ಗ್ರಾಂ ಮೈದಾಕ್ಕೆ ಸುಮಾರು 250 ಮಿಲಿಲೀಟರ್ ತಣ್ಣೀರು ಹಾಕಿ ನಾದಿ, ಅರ್ಧ ಗಂಟೆ ಮುಚ್ಚಿಟ್ಟ ಕಣಕವದು. ಲಟ್ಟಿಸುವಾಗ ಎಡಗೈಯಿಂದ ಬಿಲ್ಲೆಯನ್ನು ತಿರುಗಿಸುತ್ತ, ಬಲಗೈಯ ಪುಟ್ಟ ಲಟ್ಟಣಿಗೆಯನ್ನು ಅಂಚಿನಿಂದ ನಡುವಿನವರೆಗೆ ಮಾತ್ರ ಒಯ್ದು ಹಿಂದಕ್ಕೆ ತರುತ್ತಾರೆ. ಹೀಗೆ ನಡು ದಪ್ಪಗೂ ಅಂಚು ತೆಳ್ಳಗೂ ಉಳಿದು, ಅಂಚುಗಳು ಒಂದರ ಮೇಲೊಂದು ಕೂಡಿದ ಮೇಲೂ ಮಂದವೆನಿಸುವುದಿಲ್ಲ. ಆ ಅಂಚಿನ ಮಡಿಕೆಗಳಿಗೆ ಸೀರೆಯ ‘ನೆರಿಗೆ’ಯನ್ನೇ ಬಳಸಿದೆ.

ಇಡೀ ತಿನಿಸಿನ ಹೆಸರಿನ ಬಗ್ಗೆ ನನ್ನ ನಿಲುವು ಬೇರೆ. ‘ಚೀನೀ ಕಡುಬು’ ಎಂದು ಈ ಪತ್ರದ ಶೀರ್ಷಿಕೆಯಲ್ಲಿ ಗುರುತಿಗಾಗಿ ಬರೆದಿದ್ದೇನೆಯೇ ಹೊರತು ಅದನ್ನೇ ಹೆಸರಾಗಿಸಲು ಅಳುಕುತ್ತೇನೆ, ಏಕೆಂದರೆ ಧಾರವಾಡದವರಿಗೆ ಹೂರಣ ತುಂಬಿದ ಕಡುಬು, ಮಲೆನಾಡಿನವರಿಗೆ ಒಳಗೇನೂ ಇಲ್ಲದ ಅಕ್ಕಿಯ ಉಂಡೆ, ಕರಾವಳಿಯವರಿಗೆ ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಹಿಟ್ಟು ಕಣ್ಣೆದುರು ಬರುತ್ತದೆ. ಬೈಲಕುಪ್ಪೆ, ಮುಂಡಗೋಡಗಳ ಟಿಬೆಟನ್ ನೆಲೆಗಳಿಂದಾಗಿಯೂ ನಗರಗಳ ಬೀದಿಬದಿಯ ಗಾಡಿಗಳಿಂದಾಗಿಯೂ ‘ಮೊಮೊ’ ನಮಗೆ ಪರಿಚಿತವೇ ಆದರೂ ಅದು ಟಿಬೆಟನ್ನರ ತಿನಿಸಿನ ಹೆಸರು. ಒಬ್ಬರ ಹೆಸರನ್ನು ಇನ್ನೊಬ್ಬರ ತಿನಿಸಿಗೆ ಇಡುವುದು ಸರಿಯೆನಿಸುವುದಿಲ್ಲ. ಆದ್ದರಿಂದ ಮೂಲದ ಹೆಸರನ್ನೇ ಉಳಿಸಿಕೊಂಡಿದ್ದೇನೆ. ರೋಮನ್ ಬರಹವನ್ನು ನೋಡಿ ‘ಜಿಯಾವೊಜಿ’ ಎಂದು ಬರೆಯುವ ರೂಢಿಯಿದೆಯಾದರೂ, ಅಲ್ಲಿ ‘ಜೆ’ ಅಕ್ಷರ ಸೂಚಿಸುವ ಧ್ವನಿ ಘೋಷವಲ್ಲದ, ಅಲ್ಪಪ್ರಾಣದ ಧ್ವನಿ, ಅಂದರೆ ನಮ್ಮ ‘ಚ’ಕಾರಕ್ಕೆ ಹತ್ತಿರವಾದದ್ದು. ಅದರ ಮಹಾಪ್ರಾಣದ ಜೋಡಿಯನ್ನು ಅವರು ‘ಕ್ಯೂ’ ಅಕ್ಷರದಿಂದ ಬರೆಯುತ್ತಾರೆ. ಚ, ಛ ಎರಡೂ ಇರುವ ನಮ್ಮ ಲಿಪಿ ಈ ಭೇದವನ್ನು ಸಲೀಸಾಗಿ ತೋರಿಸಬಲ್ಲದಾದ್ದರಿಂದ ‘ಚ್ಯಾವ್‌ತ್ಸ’ ಎಂದು ಬರೆದೆ.

ಕೊನೆಯದಾಗಿ ಕ್ರಿಯಾಪದ. ನಾವು ರೊಟ್ಟಿ ಬಡಿಯುತ್ತೇವೆ, ಹೋಳಿಗೆ ತಟ್ಟುತ್ತೇವೆ, ಚಕ್ಕುಲಿ ಒತ್ತುತ್ತೇವೆ, ಶಾವಿಗೆ ಹೊಸೆಯುತ್ತೇವೆ, ಸಂಡಿಗೆ ಇಡುತ್ತೇವೆ. ಚೀನೀಯರೂ ಚ್ಯಾವ್‌ತ್ಸವನ್ನು ‘ಮಾಡುವುದಿಲ್ಲ’, ಪೊಟ್ಟಣ ಕಟ್ಟುವುದಕ್ಕೆ ಬಳಸುವ ‘ಪಾವ್’ ಎಂಬ ಕ್ರಿಯಾಪದವನ್ನೇ ಇದಕ್ಕೂ ಬಳಸುತ್ತಾರೆ. ಕನ್ನಡದಲ್ಲಿ ‘ಚ್ಯಾವ್‌ತ್ಸ ಕಟ್ಟುವುದು’ ಎನ್ನಬಹುದೇ? ನಿಮ್ಮ ಮನೆಗಳಲ್ಲಿ ಕಡುಬನ್ನು ಕಟ್ಟುತ್ತಾರೆಯೋ, ತುಂಬುತ್ತಾರೆಯೋ, ಮಡಿಚುತ್ತಾರೆಯೋ, ಖಾರದ ಕಡುಬಿನ ಒಳಗಿನದನ್ನು ಹೂರಣವೆಂದೇ ಕರೆಯುತ್ತಾರೆಯೋ ಎಂಬುದನ್ನು ಊರಿನ ಹೆಸರಿನೊಡನೆ ತಿಳಿಸಬೇಕೆಂದು ಕೋರುತ್ತೇನೆ.